ನನ್ನ ಮನೆ, ನನ್ನ ಉಯಿಲು

ಮದುವೆಯಿಲ್ಲದ, ಮಕ್ಕಳಿಲ್ಲದ ನನ್ನ ಬದುಕು ತುಂಬಿದ ಬದುಕೆಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಡಿಗೆ, ರಜೆಯ ದಿನ ದೇವರಾಜ ಮಾರುಕಟ್ಟೆಯಲ್ಲಿ ನಿಧಾನವಾದ ಖರೀದಿ, ಸಂಜೆ ಓದು. ಈ ವಾರ ಹೂವಿನಂಗಡಿಯ ಹಿರಿಯಾಕೆ ಮಲ್ಲಿಗೆ ಮಾಲೆಯನ್ನು ಮೊಳಕೈಯಿಂದ ಬೆರಳ ತುದಿಯವರೆಗೆ ಎಳೆದು ಅಳೆದು, ಮೇಲೊಂದು ಗೇಣು ಬಿಟ್ಟು ಕತ್ತರಿಸುತ್ತ, “ಮಕ್ಕಳೆಷ್ಟವ್ವ?” ಎಂದರು. ಮದುವೆಯಾಗಿಲ್ಲ ಎಂದೆ. “ನೆಮ್ಮದಿಯಾಗಿದ್ದೀಯಲ್ಲ, ಬಿಡು” ಎಂದು ಹೂವನ್ನು ಬಾಳೆಲೆಯಲ್ಲಿ ಸುತ್ತಿಕೊಟ್ಟರು.

ಬಂಧುಗಳು ಅಷ್ಟು ಸುಲಭವಾಗಿ ಬಿಡುವುದಿಲ್ಲ. ವಯಸ್ಸಾದ ಮೇಲೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಪ್ರತಿ ಮದುವೆಮನೆಯ ಊಟದ ಪಂಕ್ತಿಯಲ್ಲೂ ಎದುರಾಗುತ್ತದೆ. ಮುಪ್ಪಿನ ಆಸರೆಗೆಂದೇ ಮಕ್ಕಳನ್ನು ಹೆರುವುದು ಆ ಮಕ್ಕಳಿಗೆ ಮಾಡುವ ಅನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ. ನಿಜವಾಗಿ ಯೋಚಿಸಬೇಕಾದದ್ದು ಬೇರೆಯಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ, ಮದುವೆಯಾಗದ, ಮಕ್ಕಳಿಲ್ಲದ ಹೆಣ್ಣು ಉಯಿಲು ಬರೆಯದೆ ತೀರಿಕೊಂಡರೆ ಅವಳ ಆಸ್ತಿ ತಾಯಿತಂದೆಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ ಸೇರುತ್ತದೆ. ಜ್ವರ ಬಂದಾಗ ರಾತ್ರಿಯಿಡೀ ಪಕ್ಕದಲ್ಲಿ ಕುಳಿತ ಗೆಳತಿಯ ಹೆಸರು ಆ ಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಬರೆದವರ ಸಹಿಯ ಜೊತೆಗೆ ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ಅಷ್ಟೆ. ನನ್ನಂತಿರುವ ಅಕ್ಕತಂಗಿಯರು ಇದನ್ನು ದಯವಿಟ್ಟು ಮುಂದೂಡಬೇಡಿ. ಮನೆ ಯಾರಿಗೆಂದು ನಾನು ಬರೆದಿಟ್ಟಾಯಿತು. ಪುಸ್ತಕಗಳ ವಿಷಯ ಇನ್ನೂ ತೀರ್ಮಾನವಾಗಿಲ್ಲ, ತಂಗಿಯ ಮಗಳಿಗೂ ಗೆಳತಿಗೂ ಅವುಗಳ ಮೇಲೆ ಸಮನಾದ ಪ್ರೀತಿಯಿದೆ.