197ನೆಯ ಸಾಲು

ಹೊಸ ಹಾರ್ಡ್ ಡಿಸ್ಕ್ ಕೈಗೆ ಬಂದರೆ ಎರಡು ಮೂರು ದಿನ ಅದರಲ್ಲಿ ಒಂದು ಫೈಲನ್ನೂ ಇಡುವುದಿಲ್ಲ. ಈ ಅಭ್ಯಾಸ ಕಲಿಸಿದ್ದು ನನ್ನ ಹಳೆಯ ಡಿಸ್ಕು.

ಅಪ್ಪನ ಫೋಟೋಗಳನ್ನು ಅದರಿಂದ ನಕಲು ಮಾಡುತ್ತಿದ್ದಾಗ ಒಂದು ಫೈಲಿನ ಬಳಿ ಎಲ್ಲವೂ ನಿಂತುಬಿಟ್ಟಿತು. ಕಿವಿಗೊಟ್ಟು ಕೇಳಿದೆ. ಟಿಕ್, ಕ್ಷಣಕಾಲ ಮೌನ, ಮತ್ತೆ ಟಿಕ್. ಓದಲಾಗದ ಜಾಗಕ್ಕೆ ಡಿಸ್ಕಿನ ಓದುವ ಹೆಡ್ ಮರಳಿ ಮರಳಿ ಹೋಗುತ್ತಿತ್ತು. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯ ಮೇಲ್ಭಾಗದಲ್ಲಿ ಮಾತ್ರ ‘ಪಾಸ್ಡ್’ ಎಂದೇ ಇತ್ತು. ಆ ಒಂದು ಪದವನ್ನು ನಂಬಿ ನಾನು ವರ್ಷಗಟ್ಟಲೆ ನಿಶ್ಚಿಂತನಾಗಿದ್ದೆ. ಕೆಳಗೆ ಇಳಿದು ನೋಡಿದರೆ 197ನೆಯ ಸಾಲಿನಲ್ಲಿ, ಅಂದರೆ ಓದಲು ಬಾರದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳ (ಡಿಸ್ಕಿನ ಪುಟ್ಟ ಖಾನೆಗಳ) ಲೆಕ್ಕದಲ್ಲಿ, 8 ಎಂದಿತ್ತು.

ಎಂಟೇ ಏಕೆ ಎಂದು ಆಮೇಲೆ ತಿಳಿಯಿತು. ಆ ಡಿಸ್ಕಿನ ಭೌತಿಕ ಸೆಕ್ಟರು 4096 ಬೈಟಿನದು. ಕಂಪ್ಯೂಟರಿಗೆ ಅದು 512 ಬೈಟಿನ ಎಂಟು ತುಂಡುಗಳಾಗಿ ಕಾಣುತ್ತದೆ. ಹಾಳಾದದ್ದು ಒಂದೇ ಜಾಗ. ಆದರೆ ಮರುದಿನ ಅದೇ ಸಾಲು 24 ತೋರಿಸಿತು. ನನ್ನನ್ನು ಹೆದರಿಸಿದ್ದು ಈ ಏರಿಕೆ. ಪರೀಕ್ಷೆಯನ್ನೆಲ್ಲ ಬದಿಗಿಟ್ಟು ಕೆಡುತ್ತಿರುವ ಡಿಸ್ಕಿನಿಂದ ಫೈಲುಗಳನ್ನು ಉಳಿಸುವ ಡಿಡಿರೆಸ್ಕ್ಯೂ ತಂತ್ರಾಂಶ ಹಚ್ಚಿದೆ. ಅದು ಸಲೀಸಾಗಿ ಓದಬಹುದಾದುದನ್ನು ಮೊದಲು ಎತ್ತಿಟ್ಟು, ತಕರಾರಿನ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಸೋಲುತ್ತಿರುವ ಡಿಸ್ಕನ್ನು ಪರೀಕ್ಷೆಯ ಹೆಸರಿನಲ್ಲಿ ಇನ್ನಷ್ಟು ದಣಿಸಲೇಬಾರದು. ಒಂದು ಫೋಟೋದ ಕೆಳಗಿನ ಅರ್ಧ ಬೂದುಬಣ್ಣದ ಪಟ್ಟಿಯಾಗಿ ಉಳಿಯಿತು; ಬಾಕಿಯವು ಸಿಕ್ಕಿದವು.

ಈಗ ಹೊಸ ಡಿಸ್ಕಿಗೆ ಮೊದಲು ಸ್ಮಾರ್ಟ್‌ನ ದೀರ್ಘ ಪರೀಕ್ಷೆ, ನಂತರ ಕೆಟ್ಟ ಜಾಗ ಹುಡುಕುವ ತಂತ್ರಾಂಶ ಬ್ಯಾಡ್‌ಬ್ಲಾಕ್ಸ್‌ನ ಬರೆದು ಓದುವ ಪರೀಕ್ಷೆ. ಇದು ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುತ್ತದೆ, ಹಾಗಾಗಿ ಖಾಲಿ ಡಿಸ್ಕಿಗೆ ಮಾತ್ರ. ನಾಲ್ಕು ವಿನ್ಯಾಸಗಳನ್ನು ತುದಿಯಿಂದ ತುದಿಗೆ ಬರೆದು, ಪ್ರತಿಯೊಂದನ್ನೂ ಓದಿ ತಾಳೆ ನೋಡುತ್ತದೆ; ಒಟ್ಟು ಎಂಟು ಸುತ್ತು. 4 ಟೆರಾಬೈಟಿನ ಡಿಸ್ಕು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಓಡಿದರೂ ಸುತ್ತಿಗೆ ಏಳೂವರೆ ತಾಸು ಹಿಡಿಯುತ್ತದೆ. ಮುಗಿದ ಮೇಲೆ 5 (ಬದಲಿ ಜಾಗ ಪಡೆದ ಸೆಕ್ಟರುಗಳು), 197, 198ನೆಯ (ಸರಿಪಡಿಸಲಾಗದ ಸೆಕ್ಟರುಗಳು) ಸಾಲುಗಳನ್ನು ಮೊದಲಿನ ವರದಿಯೊಡನೆ ಹೋಲಿಸುತ್ತೇನೆ. ಹೊಸ ಡಿಸ್ಕಿನಲ್ಲಿ ಒಂದೇ ಒಂದು ಸೆಕ್ಟರು ಕೆಟ್ಟಿದ್ದರೂ ವಾಪಸು ಕಳಿಸುತ್ತೇನೆ. ಕೇಬಲಿನ ಮೂಲಕ ಸಾಗುವಾಗ ಆದ ತಪ್ಪುಗಳನ್ನು ಎಣಿಸುವ 199 ಏರಿದರೆ ಮಾತ್ರ ಡಿಸ್ಕನ್ನು ದೂರದೆ ಮೊದಲು ಕೇಬಲ್ ಬದಲಿಸುತ್ತೇನೆ.

ಗೂಗಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಶೇ. 56ಕ್ಕೂ ಹೆಚ್ಚಿನವು ಸ್ಮಾರ್ಟ್‌ನ ನಾಲ್ಕು ಪ್ರಬಲ ಸೂಚನೆಗಳಲ್ಲಿ ಯಾವುದನ್ನೂ ತೋರಿಸಿರಲಿಲ್ಲ. ಅದಕ್ಕೇ ಅಪ್ಪನ ಫೋಟೋಗಳು ಈಗ ಮೂರು ಡಿಸ್ಕುಗಳಲ್ಲಿವೆ. ಮೂರನೆಯದರ ಎಂಟನೆಯ ಸುತ್ತು ಮುಗಿದದ್ದು ನಿನ್ನೆ ರಾತ್ರಿ.