ಟೋಕಿಯೊದಲ್ಲಿ ಹಳೇ ಡಿಸೈನರ್ ಬಟ್ಟೆ: ಹರಾಜುಕು ಬಿಡಿ, ಕೋಯೆಂಜಿಗೆ ಹೋಗಿ

ಹರಾಜುಕುವಿನ ಒಂದು ಅಂಗಡಿ ಮೇಲೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ನನ್ನ ಜೊತೆ ಬಂದಿದ್ದ ಚಿಕ್ಕಮ್ಮನ ಮಗಳು ಅಲ್ಲಿ ಬರ್ಬೆರಿ ಟ್ರೆಂಚ್ ಕೋಟು ತಗೊಂಡಳು. ಲಂಡನ್ನಿಂದ ಬಂದ ಹಳೇ ಮಾಲು, ಸಿಗೋದೇ ಕಷ್ಟ ಅಂತ ಹೇಳಿ 42,000 ಯೆನ್ ಕಿತ್ತರು. ರೂಮಿಗೆ ಬಂದು ಒಳಗಿನ ಚೀಟಿ ಬಿಡಿಸಿ ನೋಡಿದರೆ ಅದು ಬರ್ಬೆರಿ ಬ್ಲೂ ಲೇಬಲ್. ಮಾರನೇ ದಿನ ಹೋಗಿ ಕೇಳಿದರೆ ಕೈಯನ್ನು ಅಡ್ಡ ಹಿಡಿದು ವಾಪಸ್ ಇಲ್ಲ ಅಂದುಬಿಟ್ಟರು.

ಈ ಬ್ಲೂ ಲೇಬಲ್ ವಿಷಯ ಹೋಗುವ ಮೊದಲೇ ತಿಳಿದಿರಲಿ. ಅದು ನಕಲಿ ಅಲ್ಲ. ಬರ್ಬೆರಿ ಕಂಪನಿಯಿಂದ ಲೈಸೆನ್ಸ್ ಪಡೆದು ಸಾನ್ಯೊ ಶೋಕಾಯ್ ಅನ್ನೋ ಜಪಾನಿ ಕಂಪನಿ ಜಪಾನಿನ ಮಾರುಕಟ್ಟೆಗೆಂದೇ ಮಾಡುತ್ತಿದ್ದ ಬಟ್ಟೆ. ಆ ಒಪ್ಪಂದ 2015ರಲ್ಲಿ ಮುಗಿಯಿತು. ಹೊಲಿಗೆ ಚೆನ್ನಾಗಿಯೇ ಇರುತ್ತದೆ, ಅಳತೆ ನಮ್ಮ ಹುಡುಗಿಯರಿಗೆ ಸರಿಹೋಗುತ್ತದೆ. ಆದರೆ ಜಪಾನಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅದು ರಾಶಿ ರಾಶಿ ಬಿದ್ದಿದೆ, ಅದಕ್ಕೆ ಲಂಡನ್ ಮಾಲಿನ ಬೆಲೆ ಕೊಡಬಾರದು. ಅಂಥದ್ದೇ ಕೋಟು ಎರಡು ದಿನ ಬಿಟ್ಟು ಕೋಯೆಂಜಿಯಲ್ಲಿ 9,000 ಯೆನ್ನಿಗೆ ನೇತಾಡುತ್ತಿತ್ತು. ಅವಳ ಮುಖ ನೋಡೋಕಾಗಲಿಲ್ಲ.

ಹಾಗಾಗಿ ನನ್ನ ಸಲಹೆ ನೇರ. ಹರಾಜುಕುವಿನ ಗಲ್ಲಿಗಳಲ್ಲಿ ಜನ ಜಾಸ್ತಿ, ಬಾಡಿಗೆ ಜಾಸ್ತಿ, ಅದೆಲ್ಲ ಸೇರಿಸಿಯೇ ಬೆಲೆ ಹಾಕಿರುತ್ತಾರೆ. ನನಗಂತೂ ಗದ್ದಲದಲ್ಲಿ ಬಟ್ಟೆ ಆರಿಸೋಕೆ ಆಗುವುದೇ ಇಲ್ಲ, ಹ್ಯಾಂಗರ್ ಸರಿಸೋಕೂ ಜಾಗ ಬೇಡವೇ? ಹಳೇ ಬಟ್ಟೆ ಅಂಗಡಿಗಳಿರುವ ಇನ್ನೊಂದು ಬಡಾವಣೆ ಶಿಮೊಕಿತಾಜಾವಾ ಕೂಡ ಶನಿವಾರ, ಭಾನುವಾರ ಜಾತ್ರೆ. ಅಲ್ಲಿಗೆ ಹೋಗುವುದಾದರೆ ವಾರದ ನಡುವೆ ಹೋಗಿ. ನ್ಯೂಯಾರ್ಕ್ ಜೋ ಅಂತ ಒಂದು ಅಂಗಡಿ ಇದೆ, ಮುಂಚೆ ಸಾರ್ವಜನಿಕ ಸ್ನಾನದ ಮನೆಯಾಗಿದ್ದ ಕಟ್ಟಡದಲ್ಲಿ. ಅದನ್ನು ನೋಡಿಕೊಂಡು ಮುಂದಕ್ಕೆ ಹೊರಡಿ.

ಕೋಯೆಂಜಿಗೆ ಶಿಂಜುಕುವಿನಿಂದ ರೈಲು. ಇಲ್ಲೊಂದು ಸಂಗತಿ ಯಾರೂ ಹೇಳುವುದಿಲ್ಲ. ಕಿತ್ತಳೆ ಪಟ್ಟಿಯ ಚುವೊ ರ‍್ಯಾಪಿಡ್ ವಾರದ ದಿನ ಕೋಯೆಂಜಿಯಲ್ಲಿ ನಿಲ್ಲುತ್ತದೆ, ಶನಿವಾರ, ಭಾನುವಾರ ಮತ್ತು ರಜಾದಿನ ನಿಲ್ಲುವುದಿಲ್ಲ! ನಾಕಾನೊ ಆದಮೇಲೆ ಕಣ್ಣೆದುರೇ ಕೋಯೆಂಜಿ ಪ್ಲಾಟ್‌ಫಾರ್ಮ್ ಹಿಂದೆ ಹೋಗುತ್ತದೆ, ಇಳಿಯೋದು ಓಗಿಕುಬೊದಲ್ಲಿ. ರಜೆಯಲ್ಲಿ ಹಳದಿ ಪಟ್ಟಿಯ ಸೊಬು ಲೋಕಲ್ ಹತ್ತಿ.

ಅಲ್ಲಿ ಅಂಗಡಿಗಳು ಬಾಗಿಲು ತೆಗೆಯುವಷ್ಟರಲ್ಲಿ ಮಧ್ಯಾಹ್ನ. ಹನ್ನೆರಡಕ್ಕೆ ಮುಂಚೆ ಹೋದರೆ ಶಟರ್ ನೋಡಿಕೊಂಡು ಓಡಾಡಬೇಕು. ಆದರೂ ಬೇಗ ಹೋಗಿ, ಸ್ಟೇಷನ್ನಿನ ದಕ್ಷಿಣದ ಕಡೆ ಗಲ್ಲಿಗಳಲ್ಲಿ ಹಳೇ ಕಾಲದ ಕಿಸ್ಸಾತೆನ್, ಅಂದರೆ ಕಾಫಿ ಮನೆಗಳು, ಇವೆ. ನಾವು ಹೊಕ್ಕಿದ್ದು ಅಜ್ಜಿಯೊಬ್ಬರು ನಡೆಸುವ ಒಂದು ಪುಟ್ಟ ಜಾಗ. 550 ಯೆನ್ನಿಗೆ ಬೆಳಗಿನ ಸೆಟ್: ಎರಡು ಬೆರಳು ದಪ್ಪದ ಟೋಸ್ಟು, ಮೇಲೆ ಕರಗುತ್ತಿರುವ ಬೆಣ್ಣೆ, ಬೇಯಿಸಿದ ಮೊಟ್ಟೆ, ಒಂದು ಹಿಡಿ ಎಲೆಕೋಸು, ಜೊತೆಗೆ ಕಾಫಿ. ಟೋಸ್ಟಿನ ಅಂಚು ಗರಿಗರಿ, ಒಳಗೆ ಮೆತ್ತಗೆ. ಮೊಟ್ಟೆ ಬೇಡ ಅಂತ ಸನ್ನೆ ಮಾಡಿದ್ದಕ್ಕೆ ಅಜ್ಜಿ ಇನ್ನೊಂದು ತುಂಡು ಟೋಸ್ಟ್ ತಂದಿಟ್ಟರು, ಅದಕ್ಕೆ ದುಡ್ಡು ಹಾಕಲಿಲ್ಲ. ಕಾಫಿ ಗಾಜಿನ ಬುರುಡೆಯಲ್ಲಿ ನಮ್ಮೆದುರೇ ಕುದಿದು ಮೇಲೇರಿ ಮತ್ತೆ ಕೆಳಗಿಳಿಯುತ್ತದೆ. ಹಾಲು ಕಡಿಮೆ, ಚಿಕೋರಿ ಇಲ್ಲ, ಆದರೂ ಎರಡನೇ ಕಪ್ ಕೇಳಿದೆ. ಸಾರು, ನೂಡಲ್ಸ್ ಎಲ್ಲದರಲ್ಲೂ ಮೀನಿನ ಸಾರ ಬೆರೆತಿರುವ ಊರಿನಲ್ಲಿ ಸಸ್ಯಾಹಾರಿಗಳಿಗೆ ಇಷ್ಟು ನಿಶ್ಚಿಂತೆಯ ತಿಂಡಿ ಬೇರೆ ಸಿಗಲಿಲ್ಲ. ಕೆಲವು ಕಿಸ್ಸಾತೆನ್‌ಗಳಲ್ಲಿ ಸಿಗರೇಟ್ ಸೇದುತ್ತಾರೆ, ಹೊಗೆ ಆಗದವರು ಬಾಗಿಲಲ್ಲೇ ನೋಡಿಕೊಳ್ಳಿ.

ಆಮೇಲೆ ಪಾಲ್ ಅನ್ನೋ ಮೇಲ್ಛಾವಣಿ ಇರುವ ಅಂಗಡಿ ಬೀದಿ ಹಿಡಿದು ನಡೆಯಿರಿ, ಅದು ಮುಗಿದಲ್ಲಿ ಲುಕ್ ಬೀದಿ ಶುರು. ಮುಖ್ಯ ದಾರಿಗಿಂತ ಅಕ್ಕಪಕ್ಕದ ಸಂದಿಗಳಲ್ಲೇ ಒಳ್ಳೆ ಅಂಗಡಿಗಳಿವೆ. ಚಿಕ್ಕ ಅಂಗಡಿಗಳಿಗೆ ನಗದು ಇಟ್ಟುಕೊಂಡಿರಿ. ಚೌಕಾಸಿ ಮಾಡಬೇಡಿ, ಅಲ್ಲಿ ಅದು ನಡೆಯೋಲ್ಲ.

ನನಗೆ ಸಿಕ್ಕಿದ್ದರಲ್ಲಿ ಅತ್ಯಂತ ಇಷ್ಟವಾದದ್ದು ಜಪಾನಿನ ಡಿಸೈನರ್ ಬ್ರ್ಯಾಂಡ್ ಕೊಮ್ ದೆ ಗಾರ್ಸೋನ್‌ನ ಪಟ್ಟೆ ಪಟ್ಟೆ ಕಾಟನ್ ಶರ್ಟು, 6,800 ಯೆನ್. ಒಂದು ಕಡೆಯ ಕಾಲರ್ ಬೇಕೆಂದೇ ಉದ್ದ ಇಟ್ಟಿದ್ದಾರೆ, ಗುಂಡಿ ಹಾಕಿದರೆ ಪಟ್ಟೆಗಳು ಎದೆ ಮೇಲೆ ಓರೆಯಾಗಿ ಸೇರುತ್ತವೆ. ಈ ಬ್ರ್ಯಾಂಡಿನಲ್ಲಿ ಒಂದು ಅನುಕೂಲ ಇದೆ. 1980ರ ದಶಕದ ಕೊನೆಯಿಂದೀಚೆಗೆ ಒಳಗಿನ ಒಗೆತದ ಚೀಟಿಯಲ್ಲಿ ಎ.ಡಿ. ಅಂತ ಬರೆದು ಪಕ್ಕದಲ್ಲಿ ಇಸವಿ ಹಾಕಿರುತ್ತಾರೆ. ನನ್ನದು 2001. ಅದು ತಯಾರಾದ ವರ್ಷ, ಬೇಸಿಗೆ ಬಟ್ಟೆಯಾದರೆ ಮಾರಾಟಕ್ಕೆ ಬಂದದ್ದು ಮುಂದಿನ ವರ್ಷ ಇರಬಹುದು. ಅಂಗಡಿಯವರು ತೊಂಬತ್ತರ ದಶಕದ್ದು ಅಂದರೆ ಸುಮ್ನೆ ನಂಬಬೇಡಿ, ಚೀಟಿ ತಿರುಗಿಸಿ ನೋಡಿ.

ಜಪಾನಿ ಡಿಸೈನರ್ ಇಸ್ಸೆ ಮಿಯಾಕೆಯ ಪ್ಲೀಟ್ಸ್ ಪ್ಲೀಸ್ ಅನ್ನೋ ನೆರಿಗೆ ಬಟ್ಟೆ ಹುಡುಕುವವರು ಬಹಳ ಜನ, ಬೆಲೆಯೂ ಏರಿದೆ. ಇದನ್ನು ಮಾಡುವವರು ಬಟ್ಟೆಯನ್ನು ದೊಡ್ಡದಾಗಿ ಕತ್ತರಿಸಿ ಹೊಲಿದು, ಆಮೇಲೆ ಬಿಸಿಯಲ್ಲಿ ಒತ್ತಿ ನೆರಿಗೆ ಕೂರಿಸುತ್ತಾರೆ. ಪಾಲಿಯೆಸ್ಟರ್ ಆದ್ದರಿಂದ ನೆರಿಗೆ ನಿಲ್ಲುತ್ತದೆ, ಇಸ್ತ್ರಿ ಬೇಡ. ಆದರೆ ಯಾರೋ ಇಸ್ತ್ರಿ ಹೊಡೆದಿದ್ದರೆ ಮುಗಿಯಿತು. ಬೆಳಕಿಗೆ ಹಿಡಿದು ಮೊಣಕೈ, ಹಿಂಭಾಗ, ಕಂಕುಳು ನೋಡಿ, ನೆರಿಗೆ ಚಪ್ಪಟೆಯಾಗಿದ್ದರೆ ಬಿಡಿ.

ಇಂಥದ್ದಕ್ಕೆ ರ‍್ಯಾಗ್‌ಟ್ಯಾಗ್, ಸೆಕೆಂಡ್ ಸ್ಟ್ರೀಟ್ ತರಹದ ಸರಣಿ ಅಂಗಡಿಗಳೇ ವಾಸಿ. ಬೆಲೆಚೀಟಿಯಲ್ಲಿ ಬಟ್ಟೆಯ ಸ್ಥಿತಿ, ದೋಷ ಬರೆದಿರುತ್ತಾರೆ, ಜಪಾನಿಯಲ್ಲಿ. ಫೋನ್ ಕ್ಯಾಮೆರಾ ಹಿಡಿದು ಅನುವಾದ ಮಾಡಿಕೊಳ್ಳಿ: ಯೊಗೊರೆ ಅಂದರೆ ಕಲೆ, ಅನಾ ಅಂದರೆ ತೂತು. ಹಳೇ ಸಾಮಾನು ಕೊಂಡು ಮಾರುವವರಿಗೆ ಅಲ್ಲಿ ಸರ್ಕಾರದ ಪರವಾನಗಿ ಬೇಕು, 1949ರಿಂದ ಅದಕ್ಕೊಂದು ಕಾನೂನೇ ಇದೆ. ದೊಡ್ಡ ಅಂಗಡಿಗೆ ಬಟ್ಟೆ ಮಾರಲು ಬರುವವರು ಗುರುತಿನ ಚೀಟಿ ತೋರಿಸಬೇಕು. ಕದ್ದ ಮಾಲಿನ ಭಯ ಅಷ್ಟರ ಮಟ್ಟಿಗೆ ಕಡಿಮೆ.

ನಮ್ಮಮ್ಮ ಮೊದಲು ಕೇಳಿದ್ದು, ಯಾರೋ ಹಾಕಿದ ಬಟ್ಟೆ ದುಡ್ಡು ಕೊಟ್ಟು ತರುತ್ತಾರಾ ಅಂತ. ಹಳೇ ಬಟ್ಟೆ ಕೊಟ್ಟು ಪಾತ್ರೆ ತಗೊಂಡು ಅಭ್ಯಾಸ ಅವರಿಗೆ. ಆ ಶರ್ಟಿನ ಹೊಲಿಗೆಯನ್ನು ಒಳಮುಖ ಮಾಡಿ ನೋಡಿದ ಮೇಲೆ, ಒಂದು ದಾರ ಬಿಟ್ಟಿಲ್ಲವಲ್ಲೇ ಅಂದರು.

ಉಣ್ಣೆ ಕೋಟಿನ ಆಸೆಗೆ ಬೀಳಬೇಡಿ. ಅಲ್ಲಿ ತುಂಬ ಅಗ್ಗ, ತುಂಬ ಚೆಂದ, ಆದರೆ ಬೆಂಗಳೂರಿನಲ್ಲಿ ಎಷ್ಟು ದಿನ ಹಾಕುತ್ತೀರಿ? ಸೂಟ್‌ಕೇಸ್ ಅರ್ಧ ಅದೇ ತಿನ್ನುತ್ತದೆ. ಕಾಟನ್ ಶರ್ಟು, ತೆಳು ಜಾಕೆಟ್ಟು, ನೆರಿಗೆ ಬಟ್ಟೆ ನೋಡಿ. ಟ್ರಯಲ್ ರೂಮಿನಲ್ಲಿ ಚಪ್ಪಲಿ ಹೊರಗೆ ಬಿಡಬೇಕು, ಬಿಚ್ಚಿ ಹಾಕೋಕೆ ಸುಲಭವಾದದ್ದೇ ಮೆಟ್ಟಿಕೊಂಡು ಹೋಗಿ. ಹೆಂಗಸರಿಗೆ ಮೇಕಪ್ ತಾಗದಿರಲಿ ಅಂತ ತೆಳು ಮುಖಗವಸು ಕೊಡುತ್ತಾರೆ, ಹಾಕಿಕೊಂಡೇ ಬಟ್ಟೆ ಏರಿಸಿ.

ಪಾಸ್‌ಪೋರ್ಟ್ ಸದಾ ಜೊತೆಗಿರಲಿ. ತೆರಿಗೆ ವಿನಾಯಿತಿ ಫಲಕ ಇರುವ ಅಂಗಡಿಯಲ್ಲಿ ತೆರಿಗೆ ಬಿಟ್ಟು ಕನಿಷ್ಠ 5,000 ಯೆನ್ ಆದರೆ 10% ತೆರಿಗೆ ಉಳಿಯುತ್ತದೆ. ಕೋಯೆಂಜಿಯ ಸಣ್ಣ ಅಂಗಡಿಗಳಲ್ಲಿ ಬಹಳ ಕಡೆ ಈ ಸೌಲಭ್ಯ ಇಲ್ಲ. 2026ರ ನವೆಂಬರ್ 1ರಿಂದ ಪದ್ಧತಿಯೇ ಬೇರೆ: ಅಂಗಡಿಯಲ್ಲಿ ಪೂರ್ತಿ ಕಟ್ಟಿ, ದೇಶ ಬಿಡುವಾಗ ಕಸ್ಟಮ್ಸ್ ದೃಢೀಕರಣ ಆದಮೇಲೆ ವಾಪಸ್ ಪಡೆಯಬೇಕು. ಆಮೇಲೆ ಹೋಗುವವರು ವಿಮಾನ ನಿಲ್ದಾಣಕ್ಕೆ ಒಂದು ಗಂಟೆ ಮುಂಚೆಯೇ ಹೊರಡಿ, ಬಟ್ಟೆ ತೋರಿಸಿ ಅಂದರೆ ಕೈಗೆ ಸಿಗುವ ಹಾಗೆ ಮೇಲೆಯೇ ಇಟ್ಟುಕೊಳ್ಳಿ.