ಔಷಧಿಗೆ ಆಸ್ಪತ್ರೆಯಿದೆ, ನಿಮ್ಮ ಸಂಸ್ಥೆ ಏತಕ್ಕೆ?

ಕ್ಯಾನ್ಸರ್ ಬಂದ ಮಕ್ಕಳಿಗೂ ಅವರ ಕುಟುಂಬಗಳಿಗೂ ನೆರವಾಗುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಕೆಲವು ವರ್ಷಗಳಿಂದ ಸ್ವಯಂಸೇವಕಿಯಾಗಿದ್ದೇನೆ. ಇದು ತಿಳಿದವರಲ್ಲಿ ಹೆಚ್ಚಿನವರು ಮೊದಲು ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ತುಸು ಸಂಕೋಚದಿಂದಲೇ ಕೇಳುತ್ತಾರೆ: "ಚಿಕಿತ್ಸೆ ಮಾಡುವವರು ವೈದ್ಯರು. ಅದರ ಖರ್ಚಿಗೆ ವಿಮೆಯೋ ಸರ್ಕಾರವೋ ಆಸ್ಪತ್ರೆಯ ನಿಧಿಯೋ ಇರುತ್ತದೆ. ಹಾಗಿರುವಾಗ ನೀವು ಮಾಡುವುದಾದರೂ ಏನು? ಕೂಡಿದ ಹಣವನ್ನೆಲ್ಲ ಔಷಧಿಗೇ ಕೊಟ್ಟುಬಿಡಬಾರದೇ?" ಈ ಪ್ರಶ್ನೆಯಲ್ಲಿ ಕುಹಕವಿರುವುದಿಲ್ಲ. ನಮ್ಮ ಲೆಕ್ಕಪುಸ್ತಕವನ್ನು ತೆರೆದು ನೋಡಿದ ಯಾರಿಗಾದರೂ ಹಾಗೆಯೇ ಅನ್ನಿಸೀತು. ಏಕೆಂದರೆ ಅದರಲ್ಲಿ ಔಷಧಿಗಿಂತ ಹೆಚ್ಚಾಗಿ ಕೋಣೆಗಳ ಬಾಡಿಗೆ, ಪ್ರಯಾಣದ ವೆಚ್ಚ, ಅಡುಗೆಮನೆಯ ಸಾಮಾನು, ಒಬ್ಬ ಶಿಕ್ಷಕಿಯ ಸಂಬಳ ಮತ್ತು ದೂರವಾಣಿಯ ಬಿಲ್ಲು ಕಾಣಿಸುತ್ತವೆ.

ನನ್ನ ಉತ್ತರ ಚಿಕ್ಕದು. ಔಷಧಿ ಉಚಿತವಾಗಿ ಸಿಗುವುದಕ್ಕೂ ಆ ಔಷಧಿಯನ್ನು ಮಗು ಕೊನೆಯ ದಿನದವರೆಗೆ ತೆಗೆದುಕೊಳ್ಳುವುದಕ್ಕೂ ನಡುವೆ ಬಹಳ ದೂರವಿದೆ. ನಮ್ಮ ಕೆಲಸವೆಲ್ಲ ಆ ದೂರದಲ್ಲಿಯೇ ನಡೆಯುತ್ತದೆ. ಆದರೆ ಇಷ್ಟು ಹೇಳಿದರೆ ಕೇಳಿದವರ ಮುಖದಲ್ಲಿ ಸಮಾಧಾನ ಕಾಣುವುದಿಲ್ಲವಾದ್ದರಿಂದ, ಒಮ್ಮೆ ವಿವರವಾಗಿಯೇ ಬರೆದಿಡುತ್ತಿದ್ದೇನೆ.

ಮಕ್ಕಳ ಕ್ಯಾನ್ಸರುಗಳಲ್ಲಿ ಅತಿ ಸಾಮಾನ್ಯವಾದುದು ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. 1940ರ ದಶಕದವರೆಗೂ ಅದು ಬಂದ ಮಗು ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿತ್ತು. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಮಿನಾಪ್ಟೆರಿನ್ ಎಂಬ ಔಷಧಿ ಪಡೆದ 16 ಮಕ್ಕಳಲ್ಲಿ 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡರೆಂದಿತ್ತು. ಆ ಬಗೆಯ ಔಷಧಿಗಳನ್ನು ತಯಾರಿಸಿಕೊಟ್ಟ ಪ್ರಯೋಗಾಲಯದ ಮುಖ್ಯಸ್ಥರು ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಯಲ್ಲಾಪ್ರಗಡ ಸುಬ್ಬರಾವ್. ಆ ಚೇತರಿಕೆ ಕೆಲವೇ ತಿಂಗಳು ಬಾಳಿತಾದರೂ ದಾರಿಯೊಂದು ತೆರೆದಿತ್ತು. ಅಮಿನಾಪ್ಟೆರಿನ್‌ನ ಹತ್ತಿರದ ಸಂಬಂಧಿಯಾದ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯನ್ನು ನಮ್ಮ ಮಕ್ಕಳು ಇಂದಿಗೂ ವಾರಕ್ಕೊಮ್ಮೆ ನುಂಗುತ್ತಾರೆ. ಅದರ ಜೊತೆಗೆ ಪ್ರತಿದಿನ ನುಂಗುವ ಮರ್ಕ್ಯಾಪ್ಟೊಪ್ಯೂರಿನ್ ಕೂಡ 1950ರ ದಶಕದ್ದೇ. ಹೊಸ ಔಷಧಿಗಳು ಬಂದಿಲ್ಲವೆಂದಲ್ಲ. ಆದರೆ ಹೆಚ್ಚಿನ ಮಕ್ಕಳನ್ನು ಉಳಿಸುತ್ತಿರುವುದು ಹಳೆಯ, ಪೇಟೆಂಟ್ ಮುಗಿದ ಔಷಧಿಗಳೇ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿ ವರ್ಷ 19 ವರ್ಷದೊಳಗಿನ ಸುಮಾರು 4 ಲಕ್ಷ ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಅವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ; ಬಡ ಮತ್ತು ಮಧ್ಯಮ ಆದಾಯದ ಹಲವು ದೇಶಗಳಲ್ಲಿ ಈ ಸಂಖ್ಯೆ 30ನ್ನೂ ಮುಟ್ಟುವುದಿಲ್ಲ. 2030ರ ಹೊತ್ತಿಗೆ ಎಲ್ಲೆಡೆಯೂ ಕನಿಷ್ಠ ನೂರಕ್ಕೆ 60 ಮಕ್ಕಳಾದರೂ ಬದುಕುಳಿಯಬೇಕೆಂಬ ಗುರಿಯನ್ನು ಆ ಸಂಸ್ಥೆ 2018ರಲ್ಲಿ ಇಟ್ಟುಕೊಂಡಿತು. ಔಷಧಿಗಳು ಬಹುಮಟ್ಟಿಗೆ ಅವೇ ಆಗಿರುವಾಗ ಇಷ್ಟೊಂದು ಅಂತರ ಎಲ್ಲಿಂದ ಬಂತು? ರೋಗ ತಡವಾಗಿ ಪತ್ತೆಯಾಗುವುದು, ತಪ್ಪಾಗಿ ಪತ್ತೆಯಾಗುವುದು, ಔಷಧಿ ಬೇಕಾದಾಗ ದಾಸ್ತಾನು ಇಲ್ಲದಿರುವುದು, ಚಿಕಿತ್ಸೆಯ ನಡುವೆ ಸೋಂಕು ತಗುಲಿ ಮಗು ಸಾಯುವುದು, ಇವೆಲ್ಲ ಕಾರಣಗಳೇ. ಇವುಗಳ ಜೊತೆಗೆ ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ಕಾರಣವಿದೆ: ಚಿಕಿತ್ಸೆ ಅರ್ಧಕ್ಕೆ ನಿಂತುಹೋಗುವುದು.

ವೈದ್ಯಕೀಯ ಭಾಷೆಯಲ್ಲಿ ಇದನ್ನು ಚಿಕಿತ್ಸೆಯ ಪರಿತ್ಯಾಗ ಎನ್ನುತ್ತಾರೆ. ಗುಣಪಡಿಸಲೆಂದು ಆರಂಭಿಸಿದ ಚಿಕಿತ್ಸೆಗೆ ನಾಲ್ಕು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಮಗು ಬಾರದೆಹೋದರೆ ಈ ಹೆಸರು ಬೀಳುತ್ತದೆ. ಆ ಪದ ನನಗೆ ಎಂದೂ ಹಿಡಿಸಿಲ್ಲ. ತಂದೆತಾಯಿ ತಾವಾಗಿ ಏನನ್ನೋ ತ್ಯಜಿಸಿ ನಡೆದರೆಂಬ ಧ್ವನಿ ಅದರಲ್ಲಿದೆ. ನಾನು ಕಂಡವರಲ್ಲಿ ಹಾಗೆ ಮಾಡಿದವರು ಯಾರೂ ಇಲ್ಲ. ಕೈಯಲ್ಲಿ ಹಿಡಿದುಕೊಂಡದ್ದು ಒಂದೊಂದಾಗಿ ಜಾರಿಹೋಗಿ, ಕೊನೆಗೆ ಒಂದು ತಾರೀಖು ತಪ್ಪಿಹೋದವರಿದ್ದಾರೆ.

ಅದು ಹೇಗೆ ತಪ್ಪುತ್ತದೆಂದು ತಿಳಿಯಬೇಕಾದರೆ ಚಿಕಿತ್ಸೆಯ ಕಾಲಾವಧಿಯನ್ನು ನೋಡಬೇಕು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಕ್ಕೆ ಒಟ್ಟು ಎರಡರಿಂದ ಮೂರು ವರ್ಷಗಳ ಚಿಕಿತ್ಸೆ ಬೇಕಾಗುತ್ತದೆ. ಮೊದಲ ನಾಲ್ಕೈದು ವಾರಗಳ ತೀವ್ರವಾದ ಹಂತ ಮುಗಿಯುವಷ್ಟರಲ್ಲಿ ಬಹುತೇಕ ಮಕ್ಕಳ ರಕ್ತದಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವಂಥ ಕ್ಯಾನ್ಸರ್ ಕಣಗಳು ಉಳಿದಿರುವುದಿಲ್ಲ. ಜ್ವರ ನಿಂತಿರುತ್ತದೆ, ಮೈಮೇಲಿನ ಕಪ್ಪು ಕಲೆಗಳು ಮಾಯವಾಗಿರುತ್ತವೆ, ಮಗು ಓಡಾಡುತ್ತಿರುತ್ತದೆ. ಆದರೆ ಆ ಘಟ್ಟದಲ್ಲಿ ಔಷಧಿ ನಿಲ್ಲಿಸಿದರೆ ರೋಗ ಮರಳಿ ಬರುವುದು ಹೆಚ್ಚುಕಡಿಮೆ ಖಚಿತ. ಅಡಗಿ ಕುಳಿತ ಕಣಗಳನ್ನು ಮುಗಿಸಲೆಂದೇ ಮುಂದಿನ ಹಂತಗಳಿರುವುದು, ಕೊನೆಯ ಒಂದೂವರೆ ಎರಡು ವರ್ಷ ಮನೆಯಲ್ಲಿಯೇ ಗುಳಿಗೆ ನುಂಗಬೇಕಾಗಿರುವುದು. ಆ ಗುಳಿಗೆಗಳು ಆಗಾಗ ತಪ್ಪಿದರೂ ರೋಗ ಮರುಕಳಿಸುವ ಸಂಭವ ಹೆಚ್ಚುತ್ತದೆ. ಈಗ ಪಾಲಕರ ಸ್ಥಾನದಲ್ಲಿ ನಿಂತು ಯೋಚಿಸಿ: ಮಗು ಆರೋಗ್ಯವಾಗಿ ಕಾಣುತ್ತಿದೆ, ಔಷಧಿ ಕೊಟ್ಟ ದಿನವೇ ವಾಂತಿ ಮಾಡಿಕೊಳ್ಳುತ್ತದೆ, ಕೈಯಲ್ಲಿದ್ದ ಉಳಿತಾಯ ಕರಗಿದೆ, ಆಸ್ಪತ್ರೆ ಒಂದು ದಿನದ ಪ್ರಯಾಣದಷ್ಟು ದೂರದಲ್ಲಿದೆ. "ಈಗ ಚೆನ್ನಾಗಿದ್ದಾನಲ್ಲ" ಎಂಬ ಮಾತು ಯಾರ ಬಾಯಿಂದಲಾದರೂ ಬಂದರೆ ಅದನ್ನು ಅಜ್ಞಾನವೆಂದು ಹಳಿಯಲು ನನಗೆ ಮನಸ್ಸಾಗುವುದಿಲ್ಲ.

ಇಲ್ಲಿ ಹಣದ ಲೆಕ್ಕವೂ ಹೊರಗಿನವರು ಊಹಿಸಿದಂತಿರುವುದಿಲ್ಲ. ಕೀಮೋ, ಅಂದರೆ ಕ್ಯಾನ್ಸರಿನ ಔಷಧಿ, ಉಚಿತವಾಗಿರಬಹುದು, ಹಾಸಿಗೆ ಉಚಿತವಾಗಿರಬಹುದು. ಆದರೆ ತಾಯಿ ಕೆಲಸ ಬಿಟ್ಟು ಮಗುವಿನ ಬಳಿ ಕುಳಿತಿರುತ್ತಾಳೆ, ತಂದೆ ರಜೆಯ ಮೇಲೆ ರಜೆ ಹಾಕಿ ಕೊನೆಗೆ ಕೆಲಸವನ್ನೇ ಕಳೆದುಕೊಂಡಿರುತ್ತಾನೆ, ಇನ್ನೊಂದು ಮಗು ಬಂಧುಗಳ ಮನೆಯಲ್ಲಿರುತ್ತದೆ. ರೋಗ ಪತ್ತೆಯಾದ ವಾರದಲ್ಲಿ ವಾರ್ಡಿನ ಹೊರಗೆ ನಿಲ್ಲಲು ಜಾಗವಿರುವುದಿಲ್ಲ. ಅಷ್ಟು ಜನ ಬಂದಿರುತ್ತಾರೆ, ಕೈಲಾದಷ್ಟು ಕೊಟ್ಟೂ ಹೋಗುತ್ತಾರೆ. ಎಂಟನೆಯ ತಿಂಗಳಲ್ಲಿ ಯಾರೂ ಇರುವುದಿಲ್ಲ. ದಾನಿಗಳ ಕರುಣೆಯೂ ಹೀಗೆಯೇ ಮೊದಲ ದಿನಗಳಲ್ಲಿ ಉಕ್ಕಿ ಆಮೇಲೆ ಇಳಿಯುವುದರಿಂದ, ಎಂಟನೆಯ ತಿಂಗಳಿಗಾಗಿ ಹಣ ಕಾದಿರಿಸುವುದೇ ನಮ್ಮಂಥ ಸಂಸ್ಥೆಯ ಮುಖ್ಯ ಜವಾಬ್ದಾರಿಯೆಂದು ನಾನು ನಂಬಿದ್ದೇನೆ.

ಇನ್ನು ಕೋಣೆಗಳ ವಿಚಾರ. ಕೀಮೋ ಪಡೆದ ಮಗುವಿನಲ್ಲಿ ಸೋಂಕನ್ನು ಎದುರಿಸುವ ಬಿಳಿ ರಕ್ತಕಣಗಳು ಇಳಿಯುತ್ತವೆ. ವಾರ್ಡಿನ ತಾಯಂದಿರ ಮಾತಿನಲ್ಲಿ "ಕೌಂಟ್ ಬಿದ್ದಿದೆ". ಆ ದಿನಗಳಲ್ಲಿ ಮೈಯ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದು ತುರ್ತು ಸ್ಥಿತಿ. ಸಾಧ್ಯವಾದರೆ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಹೋಗಬೇಕು. ಹಾಸಿಗೆಗಳ ಕೊರತೆಯಿರುವ ಆಸ್ಪತ್ರೆ ಮಗುವನ್ನು ಅಷ್ಟೂ ದಿನ ಒಳಗೇ ಇಟ್ಟುಕೊಳ್ಳಲಾರದು, ಒಂದು ದಿನದ ದಾರಿಯಲ್ಲಿರುವ ಮನೆಗೆ ಕಳುಹಿಸುವಂತೆಯೂ ಇಲ್ಲ. ಹಾಗಾದರೆ ಮಗು ಎಲ್ಲಿರಬೇಕು? ಮೊಗಸಾಲೆಯಲ್ಲಿಯೋ ಬಸ್ ನಿಲ್ದಾಣದಲ್ಲಿಯೋ ಮಲಗುವ ಕುಟುಂಬಗಳನ್ನು ಕಂಡ ಮೇಲೆ, ಆಸ್ಪತ್ರೆಯಿಂದ ಹತ್ತು ನಿಮಿಷದ ದೂರದಲ್ಲಿರುವ, ಬಾಗಿಲು ಹಾಕಿಕೊಳ್ಳಬಹುದಾದ, ಸ್ವಂತ ಶೌಚಾಲಯವಿರುವ ಒಂದು ಶುಚಿಯಾದ ಕೋಣೆಯನ್ನು ನಾನು ಔಷಧಿಯ ಪಟ್ಟಿಯಲ್ಲಿಯೇ ಸೇರಿಸುತ್ತೇನೆ.

ಇದು ನಮಗೆ ಹೊಳೆದ ಹೊಸ ವಿಚಾರವೇನೂ ಅಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಫುಟ್‌ಬಾಲ್ ಆಟಗಾರ ಫ್ರೆಡ್ ಹಿಲ್ ಅವರ ಪುಟ್ಟ ಮಗಳಿಗೆ ಲ್ಯುಕೇಮಿಯಾ ಬಂದಾಗ ಆರಂಭವಾದ ಹಣಸಂಗ್ರಹವೂ, ದೂರದಿಂದ ಬರುವ ಪಾಲಕರಿಗೆ ತಂಗಲು ಮನೆಯೊಂದು ಬೇಕೆಂದು ಹಂಬಲಿಸುತ್ತಿದ್ದ ವೈದ್ಯೆ ಆಡ್ರಿ ಇವಾನ್ಸ್ ಅವರ ಪ್ರಯತ್ನವೂ ಕೂಡಿ 1974ರಲ್ಲಿ ಮೊದಲ ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ ಬಾಗಿಲು ತೆರೆಯಿತು. ಆದರೆ ವಾದ ಮಾಡುವವರಿಗೆ ನಾನು ಹೆಚ್ಚಾಗಿ ಹೇಳುವುದು ಬ್ರೆಜಿಲ್‌ನ ರೆಸೀಫೆ ನಗರದ ಅನುಭವವನ್ನು. ಅಲ್ಲಿ 1980ರ ದಶಕದಲ್ಲಿ ಲ್ಯುಕೇಮಿಯಾ ಚಿಕಿತ್ಸೆ ಆರಂಭಿಸಿದ ನೂರು ಮಕ್ಕಳಲ್ಲಿ ಸುಮಾರು 16 ಮಕ್ಕಳು ನಡುವೆಯೇ ಬಿಟ್ಟುಹೋಗುತ್ತಿದ್ದರು. ಪರಿಣತ ದಾದಿಯರು, ಸೋಂಕಿನ ನಿಯಂತ್ರಣ ಇವುಗಳ ಜೊತೆಗೆ ಕುಟುಂಬಗಳಿಗೆ ವಸತಿ, ಪ್ರಯಾಣ ಮತ್ತು ಸಾಮಾಜಿಕ ನೆರವನ್ನೂ ಒದಗಿಸಿದ ಮೇಲೆ, 1990ರ ದಶಕದ ಕೊನೆಯ ಹೊತ್ತಿಗೆ ಹಾಗೆ ಬಿಟ್ಟುಹೋಗುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆಯಾದರು. ಐದು ವರ್ಷ ರೋಗ ಮರುಕಳಿಸದೆ ಬದುಕಿದ ಮಕ್ಕಳ ಪ್ರಮಾಣ ನೂರಕ್ಕೆ 32ರಿಂದ 63ಕ್ಕೆ ಏರಿತು. ಈ ಏರಿಕೆಯೆಲ್ಲ ವಸತಿಯಿಂದಲೇ ಆಯಿತೆಂದು ಹೇಳಿದರೆ ಅದು ಅಪ್ರಾಮಾಣಿಕವಾಗುತ್ತದೆ. ವಸತಿಯಿಲ್ಲದೆ ಆಗುತ್ತಿರಲಿಲ್ಲವೆಂದು ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ದೂರವಾಣಿಯ ಬಿಲ್ಲಿನ ಕಥೆಯೂ ಇದಕ್ಕೇ ಸೇರಿದ್ದು. ನಮ್ಮಲ್ಲಿ ಒಂದು ದಪ್ಪ ನೋಂದಣಿ ಪುಸ್ತಕವಿದೆ. ಪ್ರತಿ ಮಗುವಿನ ಮುಂದಿನ ತಾರೀಖು ಅದರಲ್ಲಿರುತ್ತದೆ. ತಾರೀಖಿನ ದಿನ ಸಂಜೆಯೊಳಗೆ ಮಗು ಬಾರದಿದ್ದರೆ ಮರುದಿನ ಬೆಳಿಗ್ಗೆ ಕರೆ ಹೋಗುತ್ತದೆ. ನಾಲ್ಕು ವಾರ ಕಾದು ಹೆಸರಿಡುವುದಕ್ಕಿಂತ ಎರಡನೆಯ ದಿನ ಕೇಳುವುದು ಮೇಲು. ಆ ಕರೆಯಲ್ಲಿ "ಏಕೆ ಬರಲಿಲ್ಲ" ಎಂದು ಕೇಳಬಾರದೆಂಬುದನ್ನು ನಾನು ತಪ್ಪು ಮಾಡಿಯೇ ಕಲಿತೆ. ಹಾಗೆ ಕೇಳಿದಾಗ ಒಬ್ಬ ತಂದೆ ಫೋನ್ ಇಟ್ಟುಬಿಟ್ಟರು; ಮತ್ತೆ ಅವರನ್ನು ಮಾತಿಗೆ ತರಲು ಒಂಬತ್ತು ದಿನ ಹಿಡಿಯಿತು. ಈಗ "ಮಗು ಹೇಗಿದ್ದಾಳೆ? ನಾಳೆ ಬರಲು ಏನು ವ್ಯವಸ್ಥೆ ಮಾಡಬೇಕು?" ಎಂದು ಕೇಳುತ್ತೇವೆ.

ಶಿಕ್ಷಕಿಯ ಸಂಬಳದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರು ವರ್ಷ ಶಾಲೆಯಿಂದ ದೂರವಿದ್ದು ಗುಣವಾದ ಮಗು ತನಗಿಂತ ಚಿಕ್ಕವರ ತರಗತಿಯಲ್ಲಿ, ಕೂದಲು ಇನ್ನೂ ಸರಿಯಾಗಿ ಬೆಳೆಯದ ತಲೆಯೊಂದಿಗೆ ಕುಳಿತುಕೊಳ್ಳಬೇಕಾಗಿ ಬಂದರೆ ಅದರ ಗತಿಯೇನು? ಅದಕ್ಕಿಂತ ಕಡಿಮೆ ಗಮನ ಸಿಗುವುದು ಅಣ್ಣ, ಅಕ್ಕ, ತಮ್ಮ, ತಂಗಿಯರಿಗೆ. ಮನೆಯಲ್ಲಿ ಯಾರೂ ಏನೂ ಹೇಳದೆ ಇರುವುದರಿಂದ, ತಾನು ಜಗಳದಲ್ಲಿ ತಳ್ಳಿದ್ದರಿಂದಲೇ ತಮ್ಮನಿಗೆ ಈ ರೋಗ ಬಂತೆಂದು ನಂಬಿಕೊಂಡ ಮಕ್ಕಳಿದ್ದಾರೆ. ರೋಗ ಯಾರ ತಪ್ಪಿನಿಂದಲೂ ಬಂದುದಲ್ಲ, ಮುಟ್ಟಿದರೆ ಹರಡುವುದೂ ಇಲ್ಲ ಎಂದು ಕುಳ್ಳಿರಿಸಿಕೊಂಡು ಹೇಳಲು ಒಬ್ಬರು ಬೇಕು. ನಮ್ಮ ಶಿಕ್ಷಕಿ ಅದನ್ನೂ ಮಾಡುತ್ತಾರೆ.

ಹಾಗೆಂದು ಸಂಸ್ಥೆಗಳು ಮಾಡುವುದೆಲ್ಲ ಸರಿಯೆಂದು ನಾನು ವಾದಿಸುತ್ತಿಲ್ಲ. ಮೊದಲ ವರ್ಷ ನಾನು ಆಟಿಕೆ ಹಂಚುವ, ಹುಟ್ಟುಹಬ್ಬಕ್ಕೆ ಬಲೂನು ಕಟ್ಟುವ ಕೆಲಸದಲ್ಲಿ ಬಹಳ ಉತ್ಸಾಹದಿಂದಿದ್ದೆ. ಒಂದು ದಿನ ಒಬ್ಬ ತಾಯಿ ಮೆಲ್ಲಗೆ, "ಆಟಿಕೆ ಸಾಕಷ್ಟಿವೆ ಮೇಡಂ. ಇವನು ದಿನಕ್ಕೆ ನಾಲ್ಕು ಸಲ ವಾಂತಿ ಮಾಡಿಕೊಳ್ಳುತ್ತಾನೆ, ಬಟ್ಟೆ ಒಗೆಯುವ ಯಂತ್ರ ಒಂದಿದ್ದಿದ್ದರೆ" ಎಂದು ಅರ್ಧಕ್ಕೆ ನಿಲ್ಲಿಸಿದರು. ಯಂತ್ರ ಬಂತು. ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಯಾವ ದಾನಿಯೂ ಕೇಳಲಿಲ್ಲವೆಂಬುದನ್ನು ಇಲ್ಲಿ ಸೇರಿಸದೆ ಇರಲಾರೆ. ಮಗುವಿನ ಬೋಳುತಲೆಯ ಚಿತ್ರವನ್ನು ಜಾಹೀರಾತಿಗೆ ಬಳಸುವುದನ್ನು ನಮ್ಮ ಸಂಸ್ಥೆ ಕೈಬಿಟ್ಟಿದೆ. ಅದರಿಂದ ದೇಣಿಗೆ ಇಳಿಯಿತೆಂಬುದೂ ನಿಜ.

ಲೆಕ್ಕಪುಸ್ತಕದಲ್ಲಿ ಇನ್ನೊಂದು ಸಾಲಿದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಇನ್ನು ಗುಣಪಡಿಸುವ ಚಿಕಿತ್ಸೆಯಿಲ್ಲವೆಂದು ವೈದ್ಯರು ಹೇಳಿದ ಮೇಲೆ ಕೀಮೋದ ಖರ್ಚು ನಿಲ್ಲುತ್ತದೆ, ಯೋಜನೆಗಳ ಕಡತ ಮುಚ್ಚುತ್ತದೆ, ಆದರೆ ನೋವು ನಿಲ್ಲುವುದಿಲ್ಲ. ನೋವು ತಗ್ಗಿಸಲು ಮಾರ್ಫಿನ್, ಮನೆಗೆ ಹೋಗಿ ನೋಡಿಬರುವ ದಾದಿ, ಮಗು ತನ್ನ ಹಾಸಿಗೆಯಲ್ಲಿಯೇ ಇರಬೇಕೆಂದು ಬಯಸಿದರೆ ಅಲ್ಲಿಗೆ ಕರೆದೊಯ್ಯುವ ವಾಹನ, ಕೊನೆಗೆ ದೇಹವನ್ನು ಊರಿಗೆ ಸಾಗಿಸುವ ವೆಚ್ಚ, ಇವೆಲ್ಲ ಆ ಒಂದು ಸಾಲಿನಲ್ಲಿ ಬರುತ್ತವೆ. ಈ ಖರ್ಚಿನಿಂದ ಬದುಕುಳಿದವರ ಸಂಖ್ಯೆ ಹೆಚ್ಚುವುದಿಲ್ಲ, ವಾರ್ಷಿಕ ವರದಿಯಲ್ಲಿ ಹಾಕಲು ಫಲಿತಾಂಶವೂ ಇಲ್ಲ. ಯಾವ ಖರ್ಚನ್ನಾದರೂ ಕಡಿತ ಮಾಡಬೇಕಾಗಿ ಬಂದರೆ ಇದೊಂದನ್ನು ಬಿಟ್ಟು ಮಿಕ್ಕವುಗಳಲ್ಲಿ ಮಾಡಿ ಎಂದು ಸಭೆಯಲ್ಲಿ ಪ್ರತಿ ವರ್ಷವೂ ಹೇಳುತ್ತೇನೆ.

ಇಷ್ಟು ಕೇಳಿಸಿಕೊಂಡವರಲ್ಲಿ ಕೆಲವರು, "ಹಾಗಾದರೆ ನಾನು ಏನು ಕೊಡಲಿ?" ಎನ್ನುತ್ತಾರೆ. ಕೀಮೋ ಪಡೆಯುವ ಮಗುವಿಗೆ ಬಿಳಿ ರಕ್ತಕಣಗಳಂತೆ ಪ್ಲೇಟ್‌ಲೆಟ್‌ಗಳೂ ಇಳಿಯುತ್ತವೆ. ಬಹಳ ಇಳಿದರೆ ರಕ್ತಸ್ರಾವವಾಗುತ್ತದೆ. ದಾನವಾಗಿ ಬಂದ ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲವಾದ್ದರಿಂದ, ಶಿಬಿರವೊಂದರಲ್ಲಿ ಒಮ್ಮೆಗೇ ನೂರು ಜನ ಕೊಟ್ಟುಹೋಗುವುದಕ್ಕಿಂತ ವಾರವಾರವೂ ನಾಲ್ಕು ಜನ ಬರುವುದು ವಾರ್ಡಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ಹಣದ ಮಾತೆತ್ತುವ ಮೊದಲು ನಾನು ಅವರ ರಕ್ತದ ಗುಂಪನ್ನು ಕೇಳುತ್ತೇನೆ, ವಾರದ ಯಾವ ದಿನ ಬಿಡುವಿರುತ್ತದೆಂದು ಬರೆದುಕೊಳ್ಳುತ್ತೇನೆ.